ಬಾದಾಮಿ ಅಂದರೆ

ರಾತ್ರಿಯೆಲ್ಲ ನೆನೆದ ಬಾದಾಮಿ
ಸಿಪ್ಪೆ ಕಳಚುವಾಗ ಬೆರಳಿನಿಂದ ಚಿಮ್ಮಿ
ಗೋಡೆಗೆ ಬಡಿದು ಎಲ್ಲೋ ಕಟ್ಟೆಯ ಸಂದಿಗೆ ಹೋಯಿತು.
ಮೊಣಕಾಲೂರಿ ಹುಡುಕಿದೆ. ಸಿಗಲಿಲ್ಲ.
ಒಂದೊಂದರ ಬೆಲೆಯೂ ಗೊತ್ತು ನನಗೆ:
ನನ್ನ ಮೊದಲ ಸಂಬಳದ ಅರ್ಧ ಕಿಲೋ,
ಗಾಂಧಿ ಗಂಜಿನ ಅಂಗಡಿಯವನು
ಬಂಗಾರದಂತೆ ತೂಗಿ ಕೊಟ್ಟದ್ದು.

ಮೊಳೆಗೆ ಚುಚ್ಚಿದ ಚೀಟಿ ಮಿಷನ್ ಆಸ್ಪತ್ರೆಯದು.
ರೋಗಿಯ ಹೆಸರು, ವಯಸ್ಸು, ಎರಡೂ ಖಾಲಿ.
ಕೆಳಗೆ, ಮದ್ದು ಬರೆಯುವ ಜಾಗದಲ್ಲಿ,
ಊರು ಬಿಡುವ ಹಿಂದಿನ ದಿನ
ದೊಡ್ಡ ಡಾಕ್ಟರಮ್ಮ ಹೇಳಿ ಬರೆಸಿದ್ದು:
ಬೆಣ್ಣೆ ಎರಡು ಬಟ್ಟಲು. ಮೈದಾ ನಾಲ್ಕು.
ಬಾದಾಮಿ ಎರಡು.
ಹಿಟ್ಟು ಅಕ್ರೋಟಿನಷ್ಟು ಹರಿದುಕೊಂಡು
ಹೊಸೆದು, ಚಂದ್ರನ ಹಾಗೆ ಬಾಗಿಸುವುದು.

ಪಕ್ಕದಲ್ಲಿ ಅವ್ವನ ಪೆನ್ಸಿಲು.
ಅಕ್ರೋಟು ಅವಳು ಕಂಡವಳಲ್ಲ,
ಅದನ್ನು ಹೊಡೆದು ಹಾಕಿ: ಬಾರಿಹಣ್ಣಿನಷ್ಟು.
ಬಾದಾಮಿಯನ್ನು ಹೊಡೆದಿಲ್ಲ.
ಅದರ ಮಗ್ಗುಲಿಗೆ, ಸಣ್ಣಗೆ,
ಯಾರೂ ಓದಬಾರದೆಂಬ ಹಾಗೆ:
ಶೇಂಗಾ.

ಮೂವತ್ತು ವರ್ಷ ಮಂಗಲಪೇಟೆಯಲ್ಲಿ ಅದು
'ಆಯಾ ಲುದಿಯಮ್ಮನ ಬಾದಾಮಿ ಬಿಸ್ಕೀಟು'.
ಪಕ್ಕದ ನೀಲಗಂಗಮ್ಮ ಮೊದಲ ವರ್ಷ
ಒಂದನ್ನು ಮುರಿದು, ಒಳಗೆ ಇಣುಕಿ,
'ಕರ್ಚಿಕಾಯಿ ಚಲೋ ಅದಾವ ಖರೆ,
ಹೂರಣ ಹಾಕೂದೇ ಮರ್ತಿ ನೋಡವ್ವ' ಅಂದಿದ್ದಳು.
ಮರುವರ್ಷ ಡಬ್ಬಿ ತಾನೇ ತಂದಳು.
ಒಳಗಿನ ಗುಟ್ಟು ಗೊತ್ತಾಗಿತ್ತೋ ಏನೋ,
ಸುಗ್ಗಿ ಮುಗಿದಾಗೆಲ್ಲ
ಒಂದು ಸೇರು ಶೇಂಗಾ ನಮ್ಮ ಹೊಸ್ತಿಲಿಗೆ ಬರುತ್ತಿತ್ತು,
ಏನೂ ಹೇಳದೆ.

ಈ ಸಲ ಬರೀ ಬಾದಾಮಿ.
ಬಾಗಿಸಿ ಬಾಗಿಸಿ ಜೋಡಿಸಿದೆ ತಗಡಿನ ತಟ್ಟೆಯಲ್ಲಿ.
ಹೊಗೆ ಕುಡಿದು ಅದು ಬಿದರಿ ಹೂಜಿಯಷ್ಟು ಕಪ್ಪು.
ಬೆಳ್ಳಿ ಕೂರಿಸುವ ಕೈ ನಮ್ಮದಲ್ಲ,
ಮೇಲೆ ಉದುರಿಸಲು ಪುಡಿ ಸಕ್ಕರೆ ಉಂಟು.

ಚೌಬಾರದ ಹಿಂದಿನ ಗಲ್ಲಿ, ವಜೀರ್ ಚಾಚಾನ ಭಟ್ಟಿ.
ಸಂಜೆಯ ಪಾವು ಇಳಿದ ಮೇಲೆ
ಸಿಟ್ಟು ಹೋಗಿ ಬರೀ ಕಾವು ಉಳಿದಿರುತ್ತದಲ್ಲ,
ಅದೇ ಬೇಕು ಇದಕ್ಕೆ.
'ಒಂದೇ ರಾತ್ರಿ ಇಷ್ಟು ಚಾಂದ್ ಕಂಡ್ರ
ಈದ್ ಯಾವತ್ತ ಮಾಡ್ಬೇಕು ಬೇಟಿ?'
ಪ್ರತಿ ಡಿಸೆಂಬರಿಗೂ ಇದೇ ಜೋಕು.
ಪ್ರತಿ ಡಿಸೆಂಬರಿಗೂ ನಗುತ್ತೇನೆ.
ಉದ್ದನೆಯ ಸಲಿಕೆ ತಟ್ಟೆಯನ್ನು ಒಳಗೊಯ್ದಿತು.
ಸ್ವಲ್ಪ ಹೊತ್ತಿಗೆ ಅವನು ಮೂಗೆತ್ತಿದ.
ನಗು ಇರಲಿಲ್ಲ ಮುಖದಲ್ಲಿ.
'ವಾಸ್ನಿ ಬ್ಯಾರೆ ಬರ್ಲತ್ತದ.
ಅವ್ವ ಆರಾಮ ಅದಾಳಿಲ್ಲೋ?'

ಆರಾಮಿದ್ದಾಳೆ. ಮಂಚದ ಮೇಲೆ ಕೂತು
ಕಾಗದದ ನಕ್ಷತ್ರಕ್ಕೆ ಅಂಟು ಹಚ್ಚುತ್ತಿದ್ದಳು.
ಅಂಗೈಯಲ್ಲಿ ಬಿಸಿ ಬಿಸಿ ಒಂದನ್ನಿಟ್ಟೆ.
ಸಕ್ಕರೆ ಊದಿದಳು, ತುದಿ ಕಚ್ಚಿದಳು,
ಉಳಿದ ಹಲ್ಲುಗಳ ಕಡೆಗೆ ಅದನ್ನು ಸಾಗಿಸಿದಳು.
'ಭಾಳ ಚಲೋ ಆಗ್ಯಾವ.'
ನಾನು ಕಾದೆ.
ಇನ್ನೊಂದು ತುದಿ ಕಚ್ಚಿ, ಮೆಲ್ಲಗೆ ಕೇಳಿದಳು:
'ಯಾರ ಮನೀವು?'

ಹೇಳಲಿಲ್ಲ. ಹೇಳಿದರೂ ನಂಬುತ್ತಿರಲಿಲ್ಲ.
ಚರ್ಚಿನ ಹಾಡಿನವರು ಬರುವುದು ನಾಳೆ ರಾತ್ರಿ,
ಇನ್ನೊಂದು ತಟ್ಟೆಗೆ ಆಗುವಷ್ಟು ಬೆಣ್ಣೆ ಇತ್ತು,
ಗೂಡಿನಲ್ಲಿ ನೀಲಗಂಗಮ್ಮನ ಸೇರು ಇತ್ತು.
ಬಾಣಲೆ ಇಟ್ಟೆ.
ಹುರಿದು, ತಿಕ್ಕಿ, ಮೊರದಲ್ಲಿ ಹಾರಿಸಿದಾಗ
ಕೆಂಪು ಹೊಟ್ಟು ಮನೆಯೆಲ್ಲ ಹಾರಿ
ಆ ಚೀಟಿಯ ಮೇಲೂ ಒಂದೆರಡು ಕೂತವು.
ಒಳಗಿನಿಂದ ಅವ್ವನ ದನಿ:
'ಏ, ಹಬ್ಬದ ಬಿಸ್ಕೀಟು ಯಾವಾಗ ಮಾಡ್ತಿ?
ಬಾದಾಮಿ ತಂದೀಯಿಲ್ಲೋ?'
ತಂದೀನವ್ವ, ಅಂದೆ.

ಬೆಳಿಗ್ಗೆ ಕಸ ಹೊಡೆಯುವಾಗ
ಕಟ್ಟೆಯ ಬುಡದಲ್ಲಿ ಇರುವೆ ಸಾಲು.
ನನಗೆ ಸಿಗದಿದ್ದ ಆ ಒಂದು ಬಾದಾಮಿಯನ್ನು
ಹೊತ್ತು, ಇಳಿಸಿ, ಮತ್ತೆ ಹೊತ್ತು
ಗೋಡೆಯ ಬಿರುಕಿನ ಕಡೆ ಒಯ್ಯುತ್ತಿದ್ದವು.
ಪೊರಕೆ ಆಚೆ ಸರಿಸಿದೆ.
ಹೋಗಲಿ, ಅವಕ್ಕೂ ಹಬ್ಬ.